ಕೆಂಪು ಹುಡುಕುವ ಬೆಳಕು

ಅಜ್ಜಂಪುರದಲ್ಲಿ ಗೇಟು, ಗ್ರಿಲ್ಲು ವೆಲ್ಡಿಂಗ್ ಮಾಡುವ ನನಗೆ ಬೆಳಕಿನ ವಿಷಯ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಭವಿತ್ತು. ದಾವಣಗೆರೆಯ ಚರ್ಮದ ಆಸ್ಪತ್ರೆಯ ಲೇಸರ್ ಮಷೀನು ಅದನ್ನು ಇಳಿಸಿತು. ಮಗಳು ಸುಮನಾಳ ಕೆನ್ನೆಯ ಮೇಲೆ ಹುಟ್ಟಿನಿಂದಲೇ ದೊಡ್ಡ ಕೆಂಪು ಮಚ್ಚೆ. ವಯಸ್ಸಾದಂತೆ ಅದು ದಪ್ಪಗಾಗಬಹುದು, ಈಗಲೇ ತಿಳಿಯಾಗಿಸೋಣ ಎಂದಿದ್ದರು ಡಾಕ್ಟರಮ್ಮ.

“ಮೇಲಿನ ಚರ್ಮ ಸುಡದೆ ಒಳಗಿನ ಕೆಂಪು ಅದಕ್ಕೆಂಗೆ ಸಿಗುತ್ತೆ ಮೇಡಮ್?” ಎಂದು ಕೇಳಿದ್ದೆ.

“ಈ ಹಳದಿ ಬೆಳಕನ್ನ ರಕ್ತ ಹೀರ್ಕೊಳ್ಳುತ್ತೆ ಧರ್ಮೇಶ್. ಹಿಗ್ಗಿರೋ ಸಣ್ಣ ರಕ್ತನಾಳ ಕಾದು ಮುಚ್ಕೊಳ್ಳುತ್ತೆ.”

ಗೋಡೆ ಒಡೆಯದೆ ಒಳಗಿನ ಪೈಪು ಬೆಸೆದ ಹಾಗೆ! ರೈಲಿನಲ್ಲಿ ಊರಿಗೆ ಮರಳುವವರೆಗೂ ನನಗೆ ಅದೇ ಯೋಚನೆ.

ಎರಡನೇ ಸಲ ಹೋದಾಗ ಸುಮನಾ ಬಾಗಿಲಲ್ಲೇ ನಿಂತುಬಿಟ್ಟಳು. ಎಂಟು ವರ್ಷದವಳು, ಎಳೆದರೂ ಜಗ್ಗಲಿಲ್ಲ. ಮೊದಲ ಸಲ ನಾನು ‘ಇರುವೆ ಕಚ್ಚಿದಂಗೆ ಅಷ್ಟೆ’ ಎಂದು ಒಳಗೆ ಕಳಿಸಿ, ಹೊರಗೆ ಕೂತಿದ್ದೆ. ಆಮೇಲೆ ಹತ್ತು ದಿನ ಕೆನ್ನೆ ನೇರಳೆಹಣ್ಣಿನ ಬಣ್ಣವಾಗಿತ್ತು. ಇನ್ನೂ ನಾಲ್ಕೈದು ಸಲ ಬರಬೇಕಿತ್ತು. ಈಗ ಬಿಟ್ಟರೆ ಎಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗೆ.

“ನೀನು ಸುಳ್ಳಪ್ಪ,” ಅಂದಳು. “ಮೊದ್ಲು ನೀನು ಹೊಡಿಸ್ಕೊ.”

“ಹೊಡಿಸ್ಕೊತೀನಿ ಬಿಡು! ಕಿಡಿಗೆ ಹೆದರೋನಾ ನಾನು?”

ನಿಜ ಹೇಳಬೇಕೆಂದರೆ ಆ ಬೆಳಕು ನನ್ನನ್ನು ಏನು ಮಾಡುತ್ತದೋ ನೋಡುವ ಆಸೆಯೂ ಇತ್ತು. ಡಾಕ್ಟರಮ್ಮ ನಕ್ಕರು. ಕನ್ನಡಕ ಹಾಕಿಸಿ, ಶಕ್ತಿ ಕಡಿಮೆ ಮಾಡಿ, ತೋಳಿನ ಮೇಲೆ ಒಂದೇ ಒಂದು ಹೊಡೆತ ಕೊಟ್ಟರು.

ಫಟ್! ಕಾದ ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗಾಯಿತು. “ಅಯ್ಯಯ್ಯೋ!” ಎಂದು ಕುರ್ಚಿಯಿಂದ ಎದ್ದೇಬಿಟ್ಟೆ. ನರ್ಸ್ ಕಿಸಕ್ಕನೆ ನಕ್ಕಳು.

ಸುಮನಾ ನಗಲಿಲ್ಲ. ನನ್ನ ತೋಳು ಹಿಡಿದು ಬಗ್ಗಿ ನೋಡಿದಳು.

“ನೋವಾಯ್ತಾ ಅಪ್ಪಾ?”

“ಆಯ್ತು ಕಣೇ.”

“ಹೋದ್ಸಲ ನಂಗೆ ನಲವತ್ಮೂರು ಹೊಡೆದ್ರು. ಎಣಿಸಿದ್ದೆ.”

ಮಷೀನಿನ ಬಗ್ಗೆ ಅಷ್ಟೆಲ್ಲ ಕೇಳಿದವನು ಇವಳನ್ನು ಒಂದು ಮಾತೂ ಕೇಳಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

“ತಪ್ಪಾಯ್ತು ಕಂದಾ. ನಡಿ, ಮನೆಗೋಗಣ. ಮಚ್ಚೆ ಇದ್ರೆ ಇರ್ಲಿ.”

ಅವಳು ಆಗಲೇ ಮಂಚ ಹತ್ತಿ ಮಲಗಿದ್ದಳು.

“ಈ ಸಲ ಹೊರಗೆ ಹೋಗ್ಬ್ಯಾಡ. ನೀನೇ ಗಟ್ಟಿಯಾಗಿ ಎಣಿಸು.”

ಅವಳ ಕೈ ಹಿಡಿದು ಎಣಿಸತೊಡಗಿದೆ. ಏಳು ಅನ್ನುವಷ್ಟರಲ್ಲಿ ನನ್ನ ದನಿ ನಿಂತುಹೋಯಿತು.

“ಎಂಟು,” ಅಂದಳು ಸುಮನಾ.