ಆಮೇಲೆ ಬಂದ ಬೆಂಕಿ

ಬಿಸಿಲು ಏರುವ ಹೊತ್ತಿಗೆ ಕಸಿಲ್ದಾ ಸುರಂಗದ ಬಾಯಿಯ ಹತ್ತಿರ ಕೂತು ಕಲ್ಲು ಕುಟ್ಟುತ್ತಿದ್ದಳು. ಗಂಡ ತೆಯೋಫಿಲೊ ಮೂರು ವರ್ಷ ಕೊರೆದು ಹೊರಗೆ ಹಾಕಿದ್ದ ಬಿಳಿಗಲ್ಲಿನ ರಾಶಿ ಅದು. ಅದರೊಳಗೆ ಅಲ್ಲಲ್ಲಿ ಎಳ್ಳಿನಷ್ಟು ಕಪ್ಪು ಚೂರುಗಳಿದ್ದವು. ಅವು ತವರದ ಮೊಳಕೆ ಎಂದು ಅವನು ನಂಬಿದ್ದ. ಗುಡ್ಡದ ಹೊಟ್ಟೆಯಲ್ಲಿ ತವರ ಆಲೂಗೆಡ್ಡೆಯ ಹಾಗೆ ಬಲಿಯುತ್ತದೆ ಎಂಬುದು ಒರುರೊ ಸೀಮೆಯ ಗಣಿಯವರ ಹಳೆಯ ನಂಬಿಕೆ. ಶುಕ್ರವಾರ ಶುಕ್ರವಾರ ಸುರಂಗದೊಡೆಯನಾದ ದೈವ ತಿಯೊನ ಮೂರ್ತಿಯ ಮುಂದೆ ಕೋಕಾ ಎಲೆ ಇಟ್ಟು ಅವನು ಕಾದ. ಧೂಳು ಕುಡಿದ ಎದೆ ಮುಚ್ಚಿಕೊಳ್ಳುವ ದಿನವೂ, "ಇನ್ನೆರಡು ಮಾರು, ಕಸಿಲ್ದಾ. ತವರದ ತಾಯಿಕಲ್ಲು ಸಿಗ್ತದೆ" ಎಂದ.

ಅವನು ಸತ್ತ ಮೇಲೆ ಗಣಿ ಸಂಘದವರು ವಾಡಿಕೆಯಂತೆ ಬಂದು ಕೇಳಿದರು: ಹಳೆಯ ರಾಶಿಯಲ್ಲಿ ಆರಿಸಿ ಕುಟ್ಟಲು ಜಾಗ ಬೇಕೋ, ಸುರಂಗದೊಳಗೆ ಗಂಡ ಕೊರೆಯುತ್ತಿದ್ದ ಕವಲು ಬೇಕೋ? ಅವಳು ಕವಲು ಹಿಡಿದಳು. ಹಿಂದೆ ಮುಂದೆ ನೋಡುತ್ತಿದ್ದ ಮೈದುನ ಮಕಾರಿಯೊನನ್ನು ತಾನೇ ಒಳಗಿಳಿಸಿದಳು. "ಮೊಳಕೆ ಬಂದದ್ದನ್ನ ಬಿಟ್ಟು ಬರ್ತಾರೇನೋ?" ಎಂದಳು.

ಭೂವಿಜ್ಞಾನ ಓದಿ ಬಂದಿದ್ದ ನೆರೆಮನೆಯ ನೆಲಿದಾ ಅವತ್ತು ಆ ದಾರಿಯಾಗಿ ಬಂದವಳು, ಕುಟ್ಟುತ್ತಿದ್ದ ಕಸಿಲ್ದಾಳ ಬಳಿ ನಿಂತು, ರಾಶಿಯ ಒಂದು ಕಲ್ಲನ್ನು ಒಡೆದು, ನೀರು ಹಚ್ಚಿ ನೋಡಿದಳು.

"ಇದನ್ನ ಮೊಳಕೆ ಅಂದವರ್ಯಾರು, ಚಿಕ್ಕಮ್ಮ?"

"ನಿನ್ನ ಪುಸ್ತಕ ಹುಟ್ಟೋಕೆ ಮುಂಚೇನೇ ಅಂದಿದ್ದಾರೆ ಕಣೆ."

ನೆಲಿದಾ ನಗಲಿಲ್ಲ. "ಮೊದ್ಲು ಒಂದು ಕಲ್ಲು ಕರಗಿ, ಗಂಜಿ ಹಾಗೆ ಕೆಳಗಿಂದ ಉಕ್ಕಿ ಬಂತು. ತವರ ತಂದದ್ದು ಅದು. ಅದು ಆರಿ ಎಷ್ಟೋ ಕಾಲ ಆದ್ಮೇಲೆ ಅದೇ ಬಿರುಕಲ್ಲಿ ಇನ್ನೊಂದು ಉಕ್ಕಿತು. ನೋಡೋಕೆ ಎರಡೂ ಒಂದೇ ಥರ. ಆದ್ರೆ ಈ ಬಿಳಿಗಲ್ಲು ಎರಡನೇದು, ಬರಿಗೈಲಿ ಬಂದದ್ದು. ದಾರಿಲಿದ್ದ ತವರದ ಎಳೇನ ಮುರಿದು ನುಂಗಿ ಕೂತಿದೆ. ಈ ಚೂರಿನ ಅಂಚು ನೋಡಿ, ಒಡೆದ ಹಂಚಿನ ಹಾಗಿಲ್ವಾ? ಬೆಳೆದದ್ದು ಹೀಗಿರತ್ತಾ? ಇದು ಎಂಜಲು, ಚಿಕ್ಕಮ್ಮ."

"ಇನ್ನೆರಡು ಮಾರು ಹೋದ್ರೆ?"

"ಇದೇ. ಅದರಾಚೆಗೂ ಇದೇ."

ಇಂಥ ಸಾವಿರ ಚೂರುಗಳನ್ನು ಕಸಿಲ್ದಾ ಕುಟ್ಟಿದ್ದಳು. ಅಂಚು ಒಡೆದಿದ್ದನ್ನು ಪ್ರತಿ ಸಲವೂ ಕಂಡಿದ್ದಳು.

ನೆಲಿದಾ ಹೋದ ಮೇಲೆ ಮಕಾರಿಯೊ ಬಂದ. ದವಡೆಯಲ್ಲಿ ಕೋಕಾ ಉಂಡೆ, ಎದೆಯಲ್ಲಿ ಅಣ್ಣನ ಅದೇ ಕೆಮ್ಮು.

"ಇವತ್ತು ಇಳೀಬೇಡ. ಒಳಗೇನೂ ಇಲ್ಲವಂತೆ," ಎಂದಳು.

"ಯಾರು, ಆ ನೆಲಿದಾ ಅಂದಳಾ? ಅವಳ ಅಂಗೈ ನೋಡಿದ್ದೀರಾ ಅತ್ತಿಗೆ? ಹಿಟ್ಟು ನಾದಿದ ಗುರುತೂ ಇಲ್ಲ."

"ನಾನು ಹೇಳ್ತಿದ್ದೀನಿ, ಮಕಾರಿಯೊ."

"ಮೊಳಕೆ ಬಂದದ್ದನ್ನ ಬಿಟ್ಟು ಬರ್ತಾರೇನು? ನೀವೇ ಅಂದದ್ದಲ್ವಾ?" ನಗುತ್ತಾ, ಕೆಮ್ಮುತ್ತಾ ಅವನು ಬಾಗಿ ಒಳಗೆ ಹೋದ.

ಕಸಿಲ್ದಾ ಅವನ ಹಿಂದೆಯೇ ಎದ್ದು ಸುರಂಗದ ಬಾಯಿಯವರೆಗೆ ಓಡಿದಳು. ಹೆಂಗಸು ಒಳಗೆ ಕಾಲಿಟ್ಟರೆ ತವರ ಅಡಗಿಕೊಳ್ಳುತ್ತದೆ ಎಂದು ಹುಟ್ಟಿದಾಗಿನಿಂದ ಕೇಳಿದ್ದಳು. ಅಡಗಿಕೊಳ್ಳಲು ಅಲ್ಲಿ ಏನೂ ಇರಲಿಲ್ಲ. ಆದರೂ ಕಾಲು ಏಳಲಿಲ್ಲ.

ಒಳಗಿನಿಂದ ಕೆಮ್ಮು ಕೇಳಿಸಿತು. ಆಮೇಲೆ ಸುತ್ತಿಗೆಯ ಪೆಟ್ಟು.