ಯೊರ್ದಾನ್ ಹಬ್ಬದ ತೊಟ್ಟಿ

ಚರ್ಮದ ಕಾರ್ಖಾನೆಯ ಕೆಳಗೆ ನಮ್ಮ ಹೊಳೆ ಎಂಥ ಚಳಿಗೂ ಹೆಪ್ಪುಗಟ್ಟುವುದಿಲ್ಲ. ಕೊಳವೆಯಿಂದ ಬೀಳುವ ನೀರು ಒಂದು ದಿನ ಕಂದು, ಒಂದು ದಿನ ನೀಲಿ. ಬಾತುಗಳು ಬರುವುದನ್ನೇ ಬಿಟ್ಟವು. ನಾವು ಬಿಡುವ ಹಾಗಿರಲಿಲ್ಲ. ಊರಿನ ಒಲೆ ಉರಿಯುತ್ತಿದ್ದುದೇ ಆ ಕಾರ್ಖಾನೆಯಿಂದ.

ಬಲ್ಗೇರಿಯಾದ ಉದ್ದಗಲಕ್ಕೂ ಜನವರಿಯ ಯೊರ್ದಾನ್ ಹಬ್ಬದಂದು, ಯೇಸುವಿನ ದೀಕ್ಷಾಸ್ನಾನದ ನೆನಪಿಗೆ, ಪಾದ್ರಿ ಹೊಳೆಗೆ ಶಿಲುಬೆ ಎಸೆಯುತ್ತಾರೆ. ನೀರಿಗೆ ಹಾರಿ ಅದನ್ನು ತಂದವನಿಗೆ ವರ್ಷವಿಡೀ ಆರೋಗ್ಯ ಅಂತಾರೆ. ಹೋದ ವರ್ಷ ತಂದವನು ನೈದೆನ್, ನನ್ನ ಪಕ್ಕದಲ್ಲೇ ಚರ್ಮ ಹದ ಮಾಡುವವನು. ವಾರದೊಳಗೆ ಮೈಯೆಲ್ಲ ಬೊಕ್ಕೆ ಎದ್ದವು. ಕಣ್ಣು ಮಂಜಾಯಿತು. ಕಾರ್ಖಾನೆಯ ಡಾಕ್ಟರು, "ಕುಡಿಯೋದು ಕಮ್ಮಿ ಮಾಡಪ್ಪ" ಅಂದು ಕಳಿಸಿದರು.

ಈ ವರ್ಷ ಕಾರ್ಖಾನೆಯ ಧಣಿ ಗೆಂಚೆವ್ ಚರ್ಚಿನ ಮುಂದೆ ದೊಡ್ಡ ಪ್ಲಾಸ್ಟಿಕ್ ತೊಟ್ಟಿ ಇಡಿಸಿದ. ಟ್ಯಾಂಕರಿನಲ್ಲಿ ಬೇರೆ ಕಡೆಯಿಂದ ನೀರು ತರಿಸಿದ.

"ಇಲ್ಲೇ ಎಸೀರಿ ಸ್ವಾಮಿ. ಪಾಪ, ಯಾರಿಗೂ ನೆಗಡಿ ಆಗ್ಬಾರ್ದು."

ಚರ್ಚಿನ ಹೊಸ ಚಾವಣಿ ಅವನು ಹಾಕಿಸಿದ್ದು. ಪಾದ್ರಿ ಮೆತೋದಿ ತಲೆಯಾಡಿಸಿದರು.

ಮೆರವಣಿಗೆ ಹೊರಟಿತು. ಪ್ರತಿ ವರ್ಷ ಪತಾಕೆ ಹಿಡಿಯುತ್ತಿದ್ದವನು ನೈದೆನ್. ಈ ಸಲ ಹಿಡಿದವಳು ಅವನ ಹೆಂಡತಿ ವೆಲಿಕಾ. ಊರು ಸುತ್ತಿ ಚರ್ಚಿನ ಕಡೆ ತಿರುಗುವ ಮೂಲೆ ಬಂತು. ಅವಳು ತಿರುಗಲಿಲ್ಲ.

"ಎಲ್ಲಿಗಮ್ಮ ವೆಲಿಕಾ? ತೊಟ್ಟಿ ಈ ಕಡೆ!" ಪಾದ್ರಿ ಕೂಗಿದರು.

"ತೊಟ್ಟಿಗೆ ದನ ಹೋಗ್ತವೆ ಸ್ವಾಮಿ. ನಾವು ಹೊಳೆಗೆ ಹೋಗ್ತೀವಿ."

ಯಾರೋ ಕಿಸಕ್ಕನೆ ನಕ್ಕರು. ಹೆಂಗಸರು ಹಾಡು ಜೋರು ಮಾಡಿದರು. ಕಾರ್ಖಾನೆಯ ಮೇಸ್ತ್ರಿ ನಮ್ಮನ್ನೇ ನೋಡುತ್ತಿದ್ದ. ಆದರೂ ಪತಾಕೆಯ ಹಿಂದೆಯೇ ನಡೆದೆ. ಸ್ವಲ್ಪ ಹೊತ್ತಿಗೆ ಪಾದ್ರಿಯೂ ನಿಲುವಂಗಿ ಎತ್ತಿಕೊಂಡು ಓಡಿ ಬಂದರು.

ವೆಲಿಕಾ ನಿಂತದ್ದು ಕಾರ್ಖಾನೆಯ ಕೊಳವೆಯ ಬಾಯಲ್ಲಿ. ಅವತ್ತು ನೀರು ನೀಲಿ. ಸುಣ್ಣದ ಘಾಟು, ಕೊಳೆತ ಚರ್ಮದ ನಾತ. ನೈದೆನ್‌ನನ್ನು ಇಬ್ಬರು ತೋಳು ಹಿಡಿದು ಕರೆತಂದರು.

"ಇಲ್ಲಿಗೇ ಎಸೀಲಾ?" ಪಾದ್ರಿ ಕೇಳಿದರು.

"ಇಲ್ಲಿಗೇ," ಅಂದಳು ವೆಲಿಕಾ.

ಪಾದ್ರಿ ನೈದೆನ್‌ನ ಮುಖ ನೋಡಿದರು. ಆಮೇಲೆ ಎಸೆದರು. ನೊರೆಯೊಳಗೆ ಶಿಲುಬೆ ಮುಳುಗಿತು. ಹುಡುಗರು ಯಾರೂ ಅಂಗಿ ಬಿಚ್ಚಲಿಲ್ಲ.

ಕಾರಿನಿಂದ ಇಳಿದ ಗೆಂಚೆವ್ ಕಿರುಚಿದ: "ಏನ್ ನಾಟಕ ಇದು? ತೆಗೀರೋ ಯಾರಾದ್ರೂ!"

ನೈದೆನ್ ದನಿ ಬಂದ ಕಡೆ ಮುಖ ತಿರುಗಿಸಿದ. "ನಿಮ್ಮ ನೀರು ಧಣಿ. ನೀವೇ ಇಳೀರಿ."

ಗೆಂಚೆವ್ ದಡಕ್ಕೆ ಬಂದ. ನೊರೆ ಬೂಟಿಗೆ ತಾಕಿದ್ದೇ ತಡ, ಹಿಂದಕ್ಕೆ ಹಾರಿದ. ಊರಿಗೆ ಊರೇ ಅದನ್ನು ನೋಡಿತು.

ಕಾರ್ಖಾನೆಯ ಸೈರನ್ ಕೂಗಿತು. ಮಧ್ಯಾಹ್ನದ ಪಾಳಿ. "ಬರ್ದಿದ್ದೋರು ನಾಳೆಯಿಂದ ಬರ್ಲೇಬೇಡಿ!" ಮೇಸ್ತ್ರಿ ಅಬ್ಬರಿಸಿದ.

"ಮೊದ್ಲು ಆ ಕೊಳವೆ ಮುಚ್ಸಿ," ಅಂದಳು ವೆಲಿಕಾ. ಪತಾಕೆಯನ್ನು ಹಿಮಕ್ಕೆ ಊರಿ ಅದರ ಬುಡದಲ್ಲೇ ಕೂತಳು.

ನಾನು ಕೂತೆ. ನನ್ನ ಪಕ್ಕದವನು ಕೂತ. ಹಾಗೇ ದಡದುದ್ದಕ್ಕೂ ಒಬ್ಬೊಬ್ಬರಾಗಿ ಕೂತೆವು. ಕಡೆಗೆ ಪಾದ್ರಿಯೂ ನಿಲುವಂಗಿ ಮಡಚಿ ನಮ್ಮ ನಡುವೆ ಜಾಗ ಮಾಡಿಕೊಂಡರು.

ಸೈರನ್ ಮತ್ತೆ ಕೂಗಿತು. ಒಬ್ಬರೂ ಏಳಲಿಲ್ಲ.