ಎಡಗೈಗೆ ಡಿ ಮೈನರ್

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಭಜನಾ ಮಂಡಳಿಯಲ್ಲಿ ಹದಿನೆಂಟು ವರ್ಷದಿಂದ ಹಾರ್ಮೋನಿಯಂ ನುಡಿಸುತ್ತಿರುವವಳು ನಾನು, ಜಯಲತಾ. ನನ್ನ ಬಲಗೈಯ ಬಗ್ಗೆ ಯಾರೂ ತುಟಿಪಿಟಕ್ಕೆನ್ನುವಂತಿಲ್ಲ. ಐವತ್ತೊಂದನೇ ವಯಸ್ಸಿನಲ್ಲಿ ಠಾಕುರ್ಲಿಯ ಮಾನಸಿ ಟೀಚರ್ ಹತ್ತಿರ ಪಿಯಾನೋ ಕಲಿಯಲು ಸೇರಿದೆ. ಸೇರಿದ ವಾರವೇ, ಈ ವರ್ಷ ಗ್ರೇಡ್ ಪರೀಕ್ಷೆಗೂ ಕೂರುತ್ತೇನೆ ಎಂದು ಮಂಡಳಿಯಲ್ಲೆಲ್ಲ ಡಂಗುರ ಸಾರಿಬಿಟ್ಟೆ. ಸುಮ್ಮನಿರುವುದು ನನ್ನ ಜಾಯಮಾನವಲ್ಲ.

ಮೇಜರ್ ಸ್ಕೇಲುಗಳನ್ನು, ಅಂದರೆ ಅವರ ಆರೋಹಣ ಅವರೋಹಣಗಳನ್ನು, ಒಂದೊಂದೇ ಕೈಯಲ್ಲಿ ಹೇಗೋ ದಾಟಿಸಿದೆ. ಆಮೇಲೆ ಡಿ ಮೈನರ್ ಬಂತು. ಟೀಚರ್ ನುಡಿಸಿ ತೋರಿಸಿದಾಗ ನನಗೆ ನಗುವೇ ಬಂತು. ಅದು ನಮ್ಮ ಕೀರವಾಣಿ. ಭಜನೆಯಲ್ಲಿ ನೂರಾರು ಸಲ ಹತ್ತಿ ಇಳಿದ ಸ್ವರಗಳು. ನನ್ನ ಬಲಗೈ ಒಂದೇ ಉಸಿರಿಗೆ ಹೋಗಿ ಬಂತು.

"ಬಹುತ್ ಅಚ್ಛಾ ಆಂಟಿ," ಎಂದಳು ಮಾನಸಿ. ಉಡುಪಿ ಕಡೆಯವರ ಮಗಳು, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಅರ್ಧ ಹಿಂದಿ. "ಈಗ ದೋನೋ ಹಾಥ್ ಸಾಥ್ ಮೆ."

ಎರಡೂ ಕೈ ಇಟ್ಟೆ. ಬಲಗೈ ಹೊರಟಿತು. ಎಡಗೈ ಪಿಯಾನೋ ಬಿಟ್ಟು ಮೇಲೆದ್ದು ಗಾಳಿಯಲ್ಲಿ ಹಿಂದೆ ಮುಂದೆ ಆಡತೊಡಗಿತು. ಅದು ತಿದಿ ಒತ್ತುತ್ತಿತ್ತು. ಹದಿನೆಂಟು ವರ್ಷ ಹಾರ್ಮೋನಿಯಮ್ಮಿಗೆ ಗಾಳಿ ಹಾಕಿದ ಕೈಗೆ ಬಲಗೈ ಹಾಡಿದರೆ ತನ್ನ ಕೆಲಸ ಅದೇ ಎಂಬ ನಂಬಿಕೆ. ಹಿಡಿದು ಕೂರಿಸಿದೆ, ಮತ್ತೆ ಎದ್ದಿತು. ಸರದಿಗೆ ಕಾದಿದ್ದ ಎಂಟೊಂಬತ್ತು ವರ್ಷದ ಮಕ್ಕಳು ಬಾಯಿ ಮುಚ್ಚಿಕೊಂಡು ನಕ್ಕವು. ನನಗೆ ಮೈಯೆಲ್ಲ ಉರಿಯಿತು.

ಮೂರು ವಾರ ಹೀಗೇ ಆಯಿತು. ಕೊನೆಗೆ ಮಾನಸಿ ಮೆಲ್ಲಗೆ ಹೇಳಿದಳು: "ಆಂಟಿ, ಮುಂದಿನ ತಿಂಗಳು ಇಪ್ಪತ್ತಕ್ಕೆ ಎಕ್ಸಾಮ್ ಫಾರ್ಮ್ ಕಳಿಸ್ಬೇಕು. ಅಷ್ಟರಲ್ಲಿ ಡಿ ಮೈನರ್ ಎರಡು ಕೈಯಲ್ಲಿ ಬರ್ಲಿಲ್ಲ ಅಂದ್ರೆ ನಿಮ್ದು ಕಳಿಸಲ್ಲ. ಅಗ್ಲೇ ಸಾಲ್ ದೇಖೇಂಗೆ."

ಮುಂದಿನ ವರ್ಷವಂತೆ. ಮಂಡಳಿಯವರಿಗೆ ನಾನು ಯಾವ ಮುಖ ತೋರಿಸಲಿ?

ನನ್ನ ಗಂಡ ದಯಾನಂದ ರಬಾಳೆಯ ಒಂದು ಕಾರ್ಖಾನೆಯಲ್ಲಿ ಕ್ಯಾಂಟೀನ್ ನೋಡಿಕೊಳ್ಳುತ್ತಾರೆ. ಸಂಜೆ ಚಹಾ ಕುಡಿಯುತ್ತಾ ಎಲ್ಲ ಕೇಳಿಸಿಕೊಂಡರು. "ಎಂತ ಮಾರಾಯ್ತಿ, ಅಷ್ಟು ತೊಂದರೆ ಕೊಡುವುದಾದರೆ ಆ ಕೈಯನ್ನು ಮನೆಯಲ್ಲೇ ಬಿಟ್ಟು ಹೋಗು," ಎಂದರು.

ಆ ಸಿಟ್ಟಿನಲ್ಲೇ ಹೋಗಿ ಹಾರ್ಮೋನಿಯಂ ಮುಂದೆ ಕೂತೆ. ನಮ್ಮ ಮನೆಯಲ್ಲಿ ಪಿಯಾನೋ ಎಲ್ಲಿಂದ ಬರಬೇಕು, ಇರುವುದು ಇದೊಂದೇ. ಕೂತವಳು ಕೈ ಬದಲಾಯಿಸಿದೆ. ತಿದಿಗೆ ಬಲಗೈ, ಸ್ವರಕ್ಕೆ ಎಡಗೈ. ಕಿರುಬೆರಳಿಂದ ಹೊರಟು ಹೆಬ್ಬೆರಳಿಗೆ ಬಂದು, ನಡುಬೆರಳನ್ನು ಅದರ ಮೇಲಿಂದ ದಾಟಿಸಬೇಕು. ಹಸುಗೂಸು ಹೊಸಿಲು ದಾಟಿದ ಹಾಗೆ ಎಡವಿ ಎಡವಿ ದಾಟಿತು.

ಆದರೆ ಮನೆಯಲ್ಲಿ ತಪ್ಪಿದರೆ ನಿಲ್ಲಿಸಬಹುದು. ನಿಲ್ಲಿಸಬಹುದಾದಲ್ಲಿ ಈ ಕೈ ಕಲಿಯುವುದಿಲ್ಲ ಎಂದು ನನಗೆ ಎರಡೇ ದಿನದಲ್ಲಿ ತಿಳಿಯಿತು. ಶನಿವಾರದ ಭಜನೆಯಲ್ಲಿ ಮೂವತ್ತು ಜನ ಹಾಡುವಾಗ ನಿಲ್ಲಿಸಲು ಬರುವುದಿಲ್ಲ. ಅಲ್ಲೇ ಎಡಗೈಯಲ್ಲಿ ನುಡಿಸಲು ಕೂತೆ.

ಮೊದಲ ಭಜನೆಯ ಪಲ್ಲವಿಗೇ ಎಲ್ಲ ಚೆಲ್ಲಾಪಿಲ್ಲಿಯಾಯಿತು. ಮುಂದಾಳಾಗಿ ಹಾಡುವ ಚಂದ್ರಬಾಯಿ ವಿಜಯಪುರದವರು, ಮುಖಕ್ಕೆ ಹೊಡೆದ ಹಾಗೆ ಮಾತಾಡುವವರು.

"ಜಯಲತಾ, ಇವತ್ತ ಆರಾಮ್ ಇಲ್ಲೇನು? ಪೆಟಿಗಿ ಒಂದ ಕಡೆ, ನಾವ ಒಂದ ಕಡೆ ಹೊಂಟೇವಿ."

"ಆರಾಮ ಇದ್ದೇನೆ ಅಕ್ಕ. ಎಡಗೈಗೆ ಪಾಠ ಆಗ್ತಾ ಉಂಟು."

"ದೇವರ ಮುಂದ ಪಾಠ ಮಾಡ್ತಾರೇನು?"

"ಮತ್ತೆ ಯಾರ ಮುಂದೆ ಮಾಡುವುದು? ದೇವರಾದರೆ ಎದ್ದು ಹೋಗುವುದಿಲ್ಲ."

ಅವರು ನಗಲಿಲ್ಲ. ನಾಲ್ಕು ಶನಿವಾರ ನೋಡುತ್ತೇನೆ, ಆಮೇಲೂ ಹೀಗೇ ಆದರೆ ಹಾರ್ಮೋನಿಯಂ ಪೆಟ್ಟಿಗೆಗೆ ಬೇರೆಯವರು ಎಂದರು. ಅಲ್ಲಿಗೆ ಪರೀಕ್ಷೆಯ ಜೊತೆಗೆ ಇದ್ದ ಜಾಗವನ್ನೂ ಪಣಕ್ಕಿಟ್ಟ ಹಾಗಾಯಿತು. ದಯಾನಂದರಿಗೆ ಇದನ್ನು ಹೇಳಲಿಲ್ಲ. ದಿನಾ ಮಧ್ಯಾಹ್ನ ಊಟದ ತಟ್ಟೆ ತೊಳೆದವಳೇ ಕೂತು ತೋಳು ಸೋಲುವವರೆಗೆ ನುಡಿಸಿದೆ. ಎರಡನೇ ಶನಿವಾರವೂ ಎಡಗೈ ಕೈ ಕೊಟ್ಟಿತು. ಮೂರನೆಯದು ಪರವಾಗಿಲ್ಲ. ನಾಲ್ಕನೆಯ ಶನಿವಾರ ಚಂದ್ರಬಾಯಿ ಕಣ್ಣು ಮುಚ್ಚಿ ಹಾಡಿದವರು ಮಂಗಳಾರತಿಯವರೆಗೂ ನನ್ನ ಕಡೆ ತಿರುಗಲಿಲ್ಲ. ಆಮೇಲೆ ಪ್ರಸಾದ ಕೊಡುತ್ತಾ, "ಛಲೋ ಬಾರಿಸಿದಿ," ಎಂದರು.

ಹದಿನೆಂಟನೇ ತಾರೀಕು ಮಾನಸಿಯ ಪಿಯಾನೋ ಮುಂದೆ ಕೂತೆ. ಎರಡೂ ಕೈ ಒಟ್ಟಿಗೆ ಹೊರಟವು. ಎಡಗೈ ಎಲ್ಲೂ ಮೇಲೇಳಲಿಲ್ಲ, ದಾಟುವಲ್ಲಿ ದಾಟಿತು, ಬಲಗೈಗೆ ಸರಿಯಾಗಿ ಹತ್ತಿ ಸರಿಯಾಗಿ ಇಳಿಯಿತು.

"ಫಿರ್ ಸೆ," ಎಂದಳು ಮಾನಸಿ.

ಮತ್ತೆ ನುಡಿಸಿದೆ.

"ಫಾರ್ಮ್ ಇವತ್ತೇ ಕಳಿಸ್ತೀನಿ ಆಂಟಿ," ಎಂದವಳು ಎದ್ದು ಬಾಗಿಲು ತೆರೆದಳು. ಹೊರಗೆ ಕಾದಿದ್ದ ಮಕ್ಕಳನ್ನೆಲ್ಲ ಒಳಗೆ ಕರೆದು ಪಿಯಾನೋದ ಸುತ್ತ ನಿಲ್ಲಿಸಿದಳು. ಅಂದು ನಕ್ಕಿದ್ದ ಮಕ್ಕಳೇ.

"ಆಂಟಿ ಕಾ ಲೆಫ್ಟ್ ಹ್ಯಾಂಡ್ ದೇಖೋ," ಎಂದಳು ಅವರಿಗೆ. "ಐಸೇ ಬಜಾನಾ ಹೈ." ಹೀಗೆ ನುಡಿಸಬೇಕಂತೆ!

ಮಕ್ಕಳು ಬಗ್ಗಿ ನೋಡಿದವು. ಯಾವುದೂ ನಗಲಿಲ್ಲ. ಬಳೆಗಳನ್ನು ಹಿಂದಕ್ಕೆ ಸರಿಸಿದೆ. ಬಲಗೈಯನ್ನು ಮಡಿಲಲ್ಲಿ ಸುಮ್ಮನೆ ಕೂರಿಸಿ, ಅವರಿಗೆ ಚೆನ್ನಾಗಿ ಕಾಣಲೆಂದು ಎಡಗೈ ಒಂದರಲ್ಲೇ ನಿಧಾನವಾಗಿ ನುಡಿಸಿದೆ.